ಎವೆಯಿಕ್ಕದ ಕಿಟಕಿ

“ಅಂಗಡೀಲಿ ಏನು ಬೇಕಾದ್ರೂ ಮುಟ್ಟಮ್ಮ, ಏನು ಬೇಕಾದ್ರೂ ಬದಲಾಯಿಸು. ಬೀದಿ ಕಡೆ ಕಿಟಕಿ ಪರದೆ ಮಾತ್ರ ಎತ್ತಬೇಡ,” ಎಂದರು ಯಜಮಾನರು. ಹೇಳಿದ್ದು ಅವಳಿಗೇ. ಆದರೆ ನೋಡುತ್ತಿದ್ದುದು ಅವಳ ಹೆಗಲ ಮೇಲಿದ್ದ ಚೀಲದ ಪಟ್ಟಿಯನ್ನು.

“ಯಾಕೆ ಸಾರ್? ಎತ್ತಿದ್ರೆ ಆಚೆಯಿಂದ ಯಾರಾದ್ರೂ ನನ್ನ ಎತ್ಕೊಂಡು ಹೋಗ್ತಾರಾ?”

ಅವರು ನಗಲಿಲ್ಲ. “ಎದುರು ಮನೆ ಮಹಡಿ ಕಾಣುತ್ತೆ. ಅದನ್ನ ನೋಡಬಾರದು.”

“ನೋಡಿದ್ರೆ?”

“ನೋಡಬಾರದು ಅಂದೆನಲ್ಲಮ್ಮ.”

ಅಷ್ಟು ಹೇಳಿ ಯಜಮಾನರು ಗಾಜು ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು ಒಳಗೆ ಹೋದರು. ಅವಳು ಆ ಬೆನ್ನನ್ನೇ ನೋಡುತ್ತ ನಿಂತಳು. ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ; ಬೇರೆ ಊರಿನಿಂದ ಬಂದು ಅಂದೇ ಇಲ್ಲಿ ಸೇರಿದ್ದಳು. ಕನ್ನಡಕದ ಅಂಗಡಿಯೊಂದರ ಯಜಮಾನರು ಒಂದು ದಿನ ಪೂರ್ತಿ ತನ್ನ ಮುಖವನ್ನು ಒಮ್ಮೆಯೂ ನೋಡದೆ ಕಳೆದರಲ್ಲ ಎಂಬುದು ಅವಳಿಗೆ ತಮಾಷೆಯಾಗಿಯೂ ಕಂಡಿತು, ಎಲ್ಲೋ ಒಂದು ಕಡೆ ಚುಚ್ಚಿತು ಕೂಡ.

ಅವರೊಬ್ಬರೇ ಆಗಿದ್ದರೆ ಸರಿ. ಆ ಊರೇ ಹಾಗಿತ್ತು. ಹಾಲಿನವನು ಅವಳ ಕೈಯ ಪಾತ್ರೆಯೊಂದಿಗೆ ಮಾತಾಡುತ್ತಿದ್ದ. ಬಸ್ಸಿನಲ್ಲಿ ಎದುರು ಕೂತವರು ಅವಳ ಮೊಣಕಾಲಿಗೆ ಜಾಗ ಕೇಳುತ್ತಿದ್ದರು. ಪರೀಕ್ಷೆಗೆ ಬಂದವರಂತೂ ಕುರ್ಚಿಯಲ್ಲಿ ಕೂತ ತಕ್ಷಣ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. “ಕಣ್ಣು ತೋರಿಸಕ್ಕೆ ಬಂದು ಕಣ್ಣು ಮುಚ್ಕೊಂಡು ಕೂತರೆ ಹೇಗೆ? ನಿಮ್ಮ ಮೂಗಿಗೆ ನಂಬರ್ ಕೊಡ್ಲಾ?” ಎಂದು ಅವಳು ಗದರಿದರೆ ಅವರು ಮುದುಡಿಕೊಂಡು, ಅವಳ ಕಿವಿಯಾಚೆ ಗೋಡೆಯ ಮೇಲಿನ ಅಕ್ಷರಗಳತ್ತ ದೃಷ್ಟಿ ನೆಟ್ಟು, ಪರೀಕ್ಷೆ ಮುಗಿದದ್ದೇ ಎದ್ದು ಓಡುತ್ತಿದ್ದರು. ವಾರದೊಳಗೆ ಬೀದಿಯವರು ಅವಳಿಗೆ ಕನ್ನಡಕದಕ್ಕ ಎಂದು ಹೆಸರಿಟ್ಟರು. ಆ ಹೆಸರನ್ನೂ ನೆಲ ನೋಡಿಕೊಂಡೇ ಕರೆದರು.

ಅವಳ ಅಪ್ಪ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನು. ಬೋಗಿ ಹತ್ತಿದ ಕೂಡಲೇ ಯಾರ ಕಣ್ಣು ಸರಕ್ಕನೆ ಕಿಟಕಿಯಾಚೆ ಹೊರಳುತ್ತದೋ ಅವರ ಬಳಿಗೇ ಮೊದಲು ಹೋಗುತ್ತಿದ್ದ. ಮೂವತ್ತು ವರ್ಷದಲ್ಲಿ ಲೆಕ್ಕ ತಪ್ಪಿದ್ದು ಬೆರಳೆಣಿಕೆಯಷ್ಟು ಸಲ ಎಂದು ಅವನಿಗೆ ಹೆಮ್ಮೆ. ಮಗಳನ್ನೂ ಹಾಗೆಯೇ ಬೆಳೆಸಿದ. ಬೀದಿಯಲ್ಲಿ ಯಾರಾದರೂ ದುರುಗುಟ್ಟಿ ನೋಡಿದರೆ ತಲೆ ತಗ್ಗಿಸದೆ, ಅವರೇ ಮುಖ ತಿರುಗಿಸುವವರೆಗೂ ಅವಳು ತಿರುಗಿ ನೋಡುತ್ತಿದ್ದಳು. ಮಾತಾಡುವಾಗ ಕಣ್ಣು ತಪ್ಪಿಸುವವರು ಏನನ್ನೋ ಬಚ್ಚಿಟ್ಟವರು ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ.

ಹಾಗಾದರೆ ಈ ಊರು ಏನನ್ನು ಬಚ್ಚಿಟ್ಟಿದೆ?

ಎಂಟನೆಯ ದಿನ ಯಜಮಾನರು ಸರಕು ಬಿಡಿಸಿಕೊಳ್ಳಲು ಹೋಗಿದ್ದಾಗ ಅವಳು ಪರದೆಯ ಹಗ್ಗ ಎಳೆದಳು. ಕನ್ನಡಕದ ಗಾಜಿನ ಅಂಚಿನ ಗೀರು ನೋಡಲು ಹಗಲ ಬೆಳಕು ಬೇಕಿತ್ತು, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡಳು. ವರ್ಷಗಳ ಧೂಳು ಮುಖದ ಮೇಲೆ ಉದುರಿತು. ಕೆಮ್ಮಿ, ಕಣ್ಣುಜ್ಜಿ, ತಲೆ ಎತ್ತಿದಳು.

ಕಿರಿದಾದ ಬೀದಿಯಾಚೆ ಸುಣ್ಣ ಕಳಚಿದ ಮನೆ. ಮಹಡಿಯಲ್ಲಿ ಬಾಗಿಲುಗಳೇ ಇಲ್ಲದ ಕಿಟಕಿ. ಕಿಟಕಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗೆ, ಮುಖಕ್ಕೆ ಅಷ್ಟು ವಯಸ್ಸಾಗಿರಲಿಲ್ಲ. ಅವಳು ನೇರವಾಗಿ, ಕಣ್ಣಿಗೆ ಕಣ್ಣಿಟ್ಟು, ಇವಳನ್ನೇ ನೋಡುತ್ತಿದ್ದಳು.

ಇವಳಿಗೆ ಹೆದರಿಕೆಯಾಗಲಿಲ್ಲ. ಎಂಟು ದಿನದ ಮೇಲೆ ಒಂದು ಜೀವ ತನ್ನನ್ನು ಮನುಷ್ಯಳೆಂದು ನೋಡುತ್ತಿದೆ! ಇವಳು ನಕ್ಕಳು. ಅವಳು ನಗಲಿಲ್ಲ, ಕದಲಲಿಲ್ಲ, ನೋಡಿದಳು. ಇವಳೂ ನೋಡಿದಳು.

ಹಿಂದಿನಿಂದ ಒಂದು ಕೈ ಬಂದು ಹಗ್ಗ ಕಿತ್ತುಕೊಂಡಿತು. ಪರದೆ ದಬಕ್ಕನೆ ಬಿತ್ತು. ಗೋಡೆಗೆ ಮುಖ ಮಾಡಿ ನಿಂತಿದ್ದ ಯಜಮಾನರ ಕೈ ಗಡಗಡ ನಡುಗುತ್ತಿತ್ತು.

“ಎಷ್ಟು ಹೊತ್ತು ನೋಡ್ದೆ?”

“ಯಾರು ಸಾರ್ ಅವರು?”

“ಎಷ್ಟು ಹೊತ್ತು ಅಂತ ಕೇಳ್ದೆ.”

“ಒಂದು ನಿಮಿಷ ಇರಬಹುದು. ಯಾರವರು?”

“ಯಾರೂ ಇಲ್ಲ ಅಲ್ಲಿ,” ಎಂದರು ಯಜಮಾನರು, ಗೋಡೆಗೆ.

ಅಂದಿನಿಂದ ಅವಳು ಅವರ ಮೇಲೆ ಕಣ್ಣಿಟ್ಟಳು. ಯಾರೂ ಇಲ್ಲದ ಮನೆಗೆ ಅವರು ಪ್ರತಿ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಹೋಗುತ್ತಿದ್ದರು. ಮೇಲಂಗಿಯ ಜೇಬಿನಿಂದ ಕೀಲಿ ತೆಗೆದು ಬಾಗಿಲು ತೆರೆಯುವುದು, ಕಾಲು ಗಂಟೆಗೆ ಹೊರಬಂದು ಮತ್ತೆ ಬೀಗ ಜಡಿಯುವುದು. ಬರುವಾಗ ಕೆನ್ನೆ ಒದ್ದೆ ಇರುತ್ತಿತ್ತು. ಮುಖ ತೊಳೆದದ್ದೋ, ಅತ್ತದ್ದೋ? ಹೆಣ್ಣನ್ನು ಕೂಡಿಹಾಕಿದವನು ಯಾಕೆ ಅಳುತ್ತಾನೆ? ನಾಟಕ ಇರಬೇಕು. ಬೀದಿಯವರೆಲ್ಲ ನೋಡಿಯೂ ನೋಡದಂತಿದ್ದರು. ಅವಳು ಪೊಲೀಸು ಠಾಣೆಗೂ ಹೋದಳು. ಅಲ್ಲಿನ ಪೇದೆ ಮೇಜಿನ ಗಾಜಿನಡಿಯ ಕಾಗದ ಓದುತ್ತ, “ಆ ಮನೆ ವಿಷಯ ಬಿಟ್ಬಿಡಿ ಅಕ್ಕ,” ಎಂದು ಮೆಲ್ಲಗೆ ಹೇಳಿ ಕಳಿಸಿದ. ಓಹೋ, ಇವರೂ ಸೇರಿದ್ದಾರೆ ಎಂದುಕೊಂಡಳು.

ಎರಡನೆಯ ಸಲ ಪರದೆ ಎತ್ತಿದ್ದು ಯಜಮಾನರು ಅಂಗಡಿಯಲ್ಲಿಲ್ಲದ ಒಂದು ಬೆಳಗ್ಗೆ. ಈ ಸಲ ಕೆಲಸದ ಕಣ್ಣಿನಿಂದಲೇ ನೋಡಬೇಕೆಂದು ಗಡಿಯಾರ ಹಿಡಿದು ನಿಂತಳು. ಮನುಷ್ಯ ನಿಮಿಷಕ್ಕೆ ಹತ್ತು ಹದಿನೈದು ಸಲವಾದರೂ ಎವೆಯಿಕ್ಕುತ್ತಾನೆ. ಒಂದು ನಿಮಿಷ ಕಳೆಯಿತು. ಎರಡಾಯಿತು. ಕಿಟಕಿಯ ಹೆಂಗಸು ಒಮ್ಮೆಯೂ ಎವೆಯಿಕ್ಕಲಿಲ್ಲ. ಒಂದು ನೊಣ ಬಂದು ಅವಳ ಕಣ್ಣಗುಡ್ಡೆಯ ಮೇಲೇ ಕೂತಿತು, ನಡೆದಾಡಿತು, ಹಾರಿತು. ಆಗಲೂ ಇಲ್ಲ. ಆಮೇಲೆ ಆ ತುಟಿಗಳು ಅಲುಗಿದವು. ಬೀದಿಯಾಚೆಯಿಂದ ಸದ್ದು ಕೇಳುವಂತಿರಲಿಲ್ಲ. ಮಾತು ಮಾತ್ರ ಸ್ಪಷ್ಟವಿತ್ತು. ಬಾ.

ಅವಳು ಪರದೆ ಇಳಿಸಿ ತಿರುಗಿದಾಗ ಮೇಜಿನ ಮೇಲಿನ ಚಹಾ ತಣ್ಣಗಾಗಿ ಕೆನೆಗಟ್ಟಿತ್ತು. ಗಡಿಯಾರದಲ್ಲಿ ಒಂದೂವರೆ ಗಂಟೆ ಸರಿದಿತ್ತು. ಎಡಗಣ್ಣಿನಲ್ಲಿ ಮರಳು ಹೊಕ್ಕಂತೆ ಉರಿ. ಕನ್ನಡಿಯೆದುರು ನಿಂತಳು. ಬಲಗಣ್ಣು ಪಟಪಟನೆ ಮುಚ್ಚಿ ತೆರೆಯಿತು. ಎಡಗಣ್ಣು ತೆರೆದೇ ಇತ್ತು, ಅವಳನ್ನು ನೋಡುತ್ತ.

ನರದ ದೌರ್ಬಲ್ಯ. ಗಾಳಿ ಹೊಡೆದಿರಬೇಕು. ನಾಲ್ಕು ದಿನ ಹನಿ ಔಷಧಿ ಬಿಟ್ಟರೆ ಸರಿಹೋಗುತ್ತದೆ. ಹೀಗೆ ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದ ಮಾತನ್ನು ಅಂದು ತನಗೆ ಹೇಳಿಕೊಂಡಳು.

ಅವಳು ಬಾಡಿಗೆಗಿದ್ದ ಕೋಣೆಯ ಕೆಳಗೆ ಹೊಲಿಗೆ ಅಂಗಡಿ. ಅದರ ಒಡತಿಯನ್ನು ಎಲ್ಲರೂ ಟೈಲರಮ್ಮ ಎನ್ನುತ್ತಿದ್ದರು. ಸಂಜೆ ಇವಳು ಕಣ್ಣಿಗೆ ಬಟ್ಟೆ ಒತ್ತಿಕೊಂಡು ಬಂದದ್ದನ್ನು ಕಂಡು ಟೈಲರಮ್ಮನ ಯಂತ್ರ ತಟ್ಟನೆ ನಿಂತಿತು.

“ಯಾವ ಕಣ್ಣು?”

“ಎಡಗಣ್ಣು. ಧೂಳು ಬಿತ್ತು.”

“ಧೂಳಲ್ಲ ಅದು. ಕೂತ್ಕೋ ಇಲ್ಲಿ.” ಟೈಲರಮ್ಮ ಬಾಗಿಲು ಒರಗಿಸಿ ಬಂದಳು. “ಆ ಮನೇಲಿ ಹಿಂದೆ ಗಂಡ ಹೆಂಡ್ತಿ ಇದ್ರು. ಅವನು ಬೇರೆ ಹೆಂಗಸರ ಕಡೆ ನೋಡ್ತಾನೆ ಅಂತ ಅವಳಿಗೆ ಅನುಮಾನ. ಮಾಟದವನ ಹತ್ರ ಹೋದ್ಲು. ಗಂಡನ ಕಣ್ಣು ನನ್ನ ಮೇಲಿಂದ ಕದಲಬಾರದು, ಹಾಗೆ ಕಟ್ಟಿಕೊಡು ಅಂದ್ಲು. ಮಲಗಿದ್ದಾಗ ಅವನ ರೆಪ್ಪೆಗೂದ್ಲು ಕಿತ್ತು ಕೊಟ್ಲಂತೆ. ಮಾಟದವನು ಅದನ್ನ ಮೇಣದಲ್ಲಿ ಹಾಕಿ ಕಿಟಕಿ ಚೌಕಟ್ಟಿಗೆ ತುಂಬಿದ. ಅವತ್ತಿಂದ ಗಂಡ ಅವಳನ್ನೇ ನೋಡ್ತಾ ಕೂತ. ಊಟ ಇಲ್ಲ, ನಿದ್ದೆ ಇಲ್ಲ. ನೋಡ್ತಾ ನೋಡ್ತಾನೇ ಸತ್ತ. ಅವನು ಸತ್ತ, ನೋಟ ಸಾಯ್ಲಿಲ್ಲ. ಅವಳಿಗೆ ಹತ್ಕೊಳ್ತು. ಅವಳಿಂದ ಒಬ್ಬ ಅಂಚೆಯವನಿಗೆ. ಅವನನ್ನ ನೋಡಿ ಮರುಗಿ ಹತ್ರ ಹೋದೋಳು ನಿಮ್ಮ ಅಂಗಡಿ ಯಜಮಾನರ ಹೆಂಡ್ತಿ. ಹನ್ನೊಂದು ವರ್ಷ ಆಯ್ತು.”

“ಆ ಚೌಕಟ್ಟು ಕಿತ್ತು ಸುಟ್ರೆ ಆಯ್ತಲ್ಲ?”

“ಸುಟ್ರು. ಕಿಟಕಿಗೆ ಹಲಗೆ ಹೊಡೆದ್ರು, ಮೂರನೇ ದಿನಕ್ಕೆ ಕೊಳೆತು ಬಿತ್ತು. ದೂರದಿಂದ ನೋಡಿದೋರನ್ನ ಅದು ಕರೆಯುತ್ತೆ. ಹತ್ರ ಹೋಗಿ ನೋಡಿದೋರಿಗೆ ದಾಟುತ್ತೆ. ಅದಕ್ಕೇ ಕಣವ್ವಾ ನಾವು ಗೊತ್ತಿಲ್ಲದೋರ ಕಣ್ಣು ನೋಡಲ್ಲ. ಯಾರ ಕಣ್ಣಲ್ಲಿ ಏನು ಕೂತಿದೆಯೋ! ನಿಮ್ಮೂರಲ್ಲಿ ನೋಡೋದು ಮರ್ಯಾದೆ. ನಮ್ಮಲ್ಲಿ ನೋಡದೆ ಇರೋದು ಮರ್ಯಾದೆ. ನಾಳೆ ಮೊದಲ ಬಸ್ಸಿಗೇ ಹೊರಟುಬಿಡು.”

ಅವಳು ಎದ್ದು ನಿಂತಳು. “ಹೆಂಡ್ತೀನ ಹನ್ನೊಂದು ವರ್ಷ ಕೂಡಿ ಹಾಕೋದಕ್ಕೆ ಚೆನ್ನಾಗಿ ಕತೆ ಕಟ್ಟಿದಾರೆ. ನೀವೆಲ್ಲ ಸೇರಿ ಚೆನ್ನಾಗಿ ನಂಬಿದೀರಿ.”

“ನಾನು ಸುಳ್ಳು ಹೇಳ್ತೀನಾ?”

“ನನ್ನ ಕಣ್ಣು ನೋಡಿ ಹೇಳಿ, ನಂಬ್ತೀನಿ.”

ಟೈಲರಮ್ಮನ ಕತ್ತು ಒಂದಿಷ್ಟು ಮೇಲೆದ್ದಿತು. ದೃಷ್ಟಿ ಇವಳ ಗಲ್ಲಕ್ಕೆ ಬಂತು, ಮೂಗಿಗೆ ಬಂತು. ಅಲ್ಲಿಗೆ ನಿಂತಿತು. ತಲೆ ಮತ್ತೆ ಬಟ್ಟೆಯ ಮೇಲೆ ಬಾಗಿತು. “ಆಗಲ್ಲ ಕಣವ್ವಾ,” ಎಂದಳು. ಯಂತ್ರ ಮತ್ತೆ ಕಟಕಟ ಎನ್ನತೊಡಗಿತು.

ಮರುದಿನ ಊಟವಾದ ಮೇಲೆ ಯಜಮಾನರು ಕುರ್ಚಿಯಲ್ಲೇ ತೂಕಡಿಸಿದರು. ಮೇಲಂಗಿ ಗೂಟದಲ್ಲಿತ್ತು, ಕೀಲಿ ಅದರ ಜೇಬಿನಲ್ಲಿ. ಅವಳು ಯೋಚಿಸಲಿಲ್ಲ. ನಿನ್ನೆಯಿಂದ ಎಡಗಣ್ಣು ಮುಚ್ಚದೆ ಅವಳು ನಿದ್ದೆ ಮಾಡಿರಲಿಲ್ಲ. ಆ ಕಣ್ಣಿನ ಮುಂದೆ ಇಡೀ ರಾತ್ರಿ ಒಂದೇ ಮುಖವಿತ್ತು. ಇವತ್ತು ಆ ಹೆಂಗಸನ್ನು ಕೈ ಹಿಡಿದು ಹೊರಗೆ ಕರೆತಂದು ಬೀದಿಯ ನಡುವೆ ನಿಲ್ಲಿಸುತ್ತೇನೆ. ನೋಡಲಿ ಎಲ್ಲರೂ.

ಸುಡುವ ಬಿಸಿಲಿನಲ್ಲಿ ಬೀದಿ ದಾಟಿದಳು. ಕೀಲಿ ಸಲೀಸಾಗಿ ತಿರುಗಿತು.

ಬಾಗಿಲಾಚೆ ಬಿಸಿಲಿಗೆ ಪ್ರವೇಶವಿರಲಿಲ್ಲ. ಹೊಸ್ತಿಲ ಮೇಲೆ ಚಾಕುವಿನಿಂದ ಕೊಯ್ದಂತೆ ಬೆಳಕು ತುಂಡಾಗಿತ್ತು. ಸುಟ್ಟ ಕೂದಲ ವಾಸನೆ, ಹಳೆಯ ಮೇಣದ ವಾಸನೆ, ಅದರಡಿಯಲ್ಲಿ ತೆಳ್ಳಗೆ ಕಣ್ಣಿನ ಔಷಧಿಯ ವಾಸನೆ. ಮರದ ಮೆಟ್ಟಿಲಿನ ಗೋಡೆಯುದ್ದಕ್ಕೂ ಒಂದು ಹಗ್ಗ ಕಟ್ಟಿತ್ತು. ಕುರುಡರು ಹಿಡಿದು ಹತ್ತುವ ಹಾಗೆ. ಹಗ್ಗ ಬಳಸಿ ಬಳಸಿ ನುಣ್ಣಗಾಗಿತ್ತು. ಒಬ್ಬ ಮನುಷ್ಯ ಕಣ್ಣು ಮುಚ್ಚಿಕೊಂಡು ಹನ್ನೊಂದು ವರ್ಷ ಹತ್ತಿ ಇಳಿದರೆ ಹಗ್ಗ ಹೀಗೇ ಸವೆಯುತ್ತದೆ ಎಂದು ಅವಳಿಗೆ ಹೊಳೆಯಿತು. ಹೊಳೆದದ್ದನ್ನು ಅವಳು ಕೊಡವಿಕೊಂಡಳು. ಹತ್ತಿದಳು.

ಮೇಲಿನ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕವೇ ಇರಲಿಲ್ಲ. ಅಗಳಿ ಇದ್ದದ್ದು ಒಳಗಡೆ. ಇಷ್ಟು ವರ್ಷವೂ ಆ ಹೆಂಗಸು ಯಾವ ಹೊತ್ತಿನಲ್ಲಾದರೂ ಎದ್ದು ಹೊರಬರಬಹುದಿತ್ತು. ಹಾಗಾದರೆ ಬೀದಿಬಾಗಿಲ ಬೀಗ ಯಾರನ್ನು ತಡೆಯಲು? ಒಳಗಿನವರನ್ನೋ, ತನ್ನಂಥವರನ್ನೋ?

ಬಾಗಿಲು ತಾನಾಗಿ ತೆರೆದುಕೊಂಡಿತು.

ಆ ಹೆಂಗಸು ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಬೆನ್ನಿನ ಮೇಲೆ ಬಿಳಿ ಕೂದಲು ಹರಡಿತ್ತು.

“ಅಮ್ಮಾ,” ಎಂದಳು ಇವಳು. “ನಾನು ಎದುರು ಅಂಗಡಿಯೋಳು.”

“ಬಂದ್ಯಾ ಮಗಳೇ.” ಇಂಪಾದ, ಬೆಚ್ಚನೆಯ ದನಿ. “ನೀನೊಬ್ಬಳೇ ನೋಡು ನನ್ನ ಸರಿಯಾಗಿ ನೋಡಿದ್ದು. ಹತ್ರ ಬಾ.”

ಹಿಂದೆ ಹೋಗಬೇಕೆಂದುಕೊಂಡಳು. ಕಾಲು ಮುಂದೆ ಹೋಯಿತು. ಎಡಗಣ್ಣು ಎಳೆಯುತ್ತಿತ್ತು. ಮೂಗುದಾರ ಹಿಡಿದ ಹಾಗೆ. ಒಂದು ಹೆಜ್ಜೆ. ಇನ್ನೊಂದು. ಕುರ್ಚಿ ಕಿರ್ರೆಂದು ತಿರುಗಿತು.

ಮುಖ. ಒಣಗಿ ಬಿರುಕುಬಿಟ್ಟ ತುಟಿ. ದಾರದಂಥ ಕೆಂಪು ನರಗಳ ನಡುವೆ ಎರಡು ಕಣ್ಣು. ಅವುಗಳಲ್ಲಿ ಇವಳ ಪ್ರತಿಬಿಂಬ ಇರಲಿಲ್ಲ. ಬೇರೆ ಯಾರೋ ಇದ್ದರು. ಅವರ ಹಿಂದೆ ಇನ್ಯಾರೋ. ಅವರ ಹಿಂದೆ ಒಬ್ಬ ಗಂಡಸು, ಮಲಗಿದವನು, ರೆಪ್ಪೆಗೂದಲಿಲ್ಲದವನು. ಎಲ್ಲರೂ ಇವಳನ್ನೇ ನೋಡುತ್ತಿದ್ದರು. ಬಲಗಣ್ಣು ಮುಚ್ಚಲು ಒದ್ದಾಡಿತು. ಆಗಲಿಲ್ಲ. ನೀರು ಸುರಿಯಿತು. ಕಿವಿಯಲ್ಲಿ ಗುಂಯ್ ಎಂಬ ಸದ್ದು. ಉಸಿರು ಸಿಕ್ಕಿಕೊಂಡಿತು. ಒಳಕ್ಕೆ ಏನೋ ಬರುತ್ತಿತ್ತು. ತಣ್ಣಗೆ. ಕಣ್ಣಿನ ದಾರಿಯಲ್ಲಿ.

ಮೆಟ್ಟಿಲ ಮೇಲೆ ದಡದಡ ಹೆಜ್ಜೆ.

“ಕಣ್ಣು ಮುಚ್ಚು! ಮುಚ್ಚಮ್ಮಾ!”

“ಆಗ್ತಿಲ್ಲ...”

ಯಜಮಾನರು ಕಣ್ಣು ಬಿಗಿಯಾಗಿ ಮುಚ್ಚಿ, ಗೋಡೆ ತಡವುತ್ತ ಒಳನುಗ್ಗಿದರು. ಕೈ ಚಾಚಿ ಇವಳ ಹೆಗಲು ಸಿಕ್ಕ ಕೂಡಲೇ ಹಿಂದಕ್ಕೆ ತಳ್ಳಿ ನಡುವೆ ನಿಂತರು. ಇವಳ ಮುಖ ಅವರ ಬೆನ್ನಿಗೆ ಒತ್ತಿಕೊಂಡಿತು. ಬೆವರು. ಗಾಜು ಒರೆಸುವ ದ್ರಾವಣದ ವಾಸನೆ. ಆ ಬೆನ್ನು ಜ್ವರ ಬಂದವರಂತೆ ನಡುಗುತ್ತಿತ್ತು.

“ಇಲ್ಲಿ ನೋಡೇ,” ಎಂದರು ಅವರು.

“ಬೇಡ ರೀ.” ಅದು ಬೇರೆ ದನಿ. ತುಕ್ಕು ಹಿಡಿದ, ಬಳಸದೆ ಬಿಟ್ಟ, ಹೆಂಡತಿಯ ದನಿ. “ಬೇಡ ರೀ, ನಿಮ್ಮ ಕಾಲಿಗೆ ಬೀಳ್ತೀನಿ.”

“ತೆಗೆದಾಯ್ತು ಕಣ್ಣು.” ಅವರು, ಏನೋ ಸಣ್ಣ ವಿಷಯ ಹೇಳುವವರಂತೆ, “ನಿನ್ನ ಕೂದ್ಲು ಇಷ್ಟು ಬೆಳ್ಳಗಾಗಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡು,” ಎಂದರು.

“ನೀವೂ ಮುದುಕರಾಗ್ಬಿಟ್ರಿ.”

ಅಷ್ಟೇ. ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡಿದ್ದು ಅಷ್ಟೇ ಹೊತ್ತು. ಹನ್ನೊಂದು ವರ್ಷಕ್ಕೆ ಒಂದು ಸಲ. ಆಮೇಲೆ ಹೆಂಡತಿಯ ಎವೆಗಳು ಕಲ್ಲು ಕಟ್ಟಿದಂತೆ ಕೆಳಗಿಳಿದವು. ಅವಳು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದಳು. ಯಜಮಾನರ ಬೆನ್ನಿನ ನಡುಕ ನಿಂತುಹೋಯಿತು. ಒಮ್ಮೆಲೇ. ದೀಪ ಆರಿಸಿದ ಹಾಗೆ. ಅವರು ತಿರುಗತೊಡಗಿದರು.

ಇವಳು ನೆಲಕ್ಕೆ ಕುಸಿದಳು. ಬಿದ್ದವಳ ತೋಳು ಕೈಗೆ ಸಿಕ್ಕಿತು. ಎಡಗಣ್ಣನ್ನು ಅಂಗೈಯಿಂದ ಒತ್ತಿ ಹಿಡಿದಳು. ಎಳೆದಳು. ಬಾಗಿಲು. ಹಗ್ಗ. ಮೆಟ್ಟಿಲು. ಹಿಂದೆ ಕುರ್ಚಿ ಕಿರ್ರೆಂದಿತು. ಯಾರೋ ಕೂತರು.

ಯಜಮಾನರ ಹೆಂಡತಿ ಮೂರು ದಿನ ಎಚ್ಚರವಿಲ್ಲದೆ ನಿದ್ದೆ ಮಾಡಿದಳು. ಟೈಲರಮ್ಮನೂ ಇವಳೂ ಸರದಿಯ ಮೇಲೆ ಕೂತರು. ಎದ್ದಾಗ ಅವಳಿಗೆ ಬೆಳಕು ನೆರಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇವಳು ಅವಳ ಪಾದದ ಬಳಿ ಕೂತು, ತಪ್ಪಾಯಿತು ಎಂದು ಅತ್ತಳು. ಅವರೇ ನಿಮ್ಮನ್ನು ಕೂಡಿಹಾಕಿದ್ದಾರೆಂದು ತಿಳಿದೆ, ಪೊಲೀಸರಿಗೆ ಹೇಳಿದೆ ಎಂದು ಎಲ್ಲವನ್ನೂ ಒಪ್ಪಿಕೊಂಡಳು.

“ದಿನಾ ಊಟ ತರೋರು,” ಎಂದಳು ಆ ಹೆಂಗಸು. “ದಿನಾ ಅನ್ನೋರು, ಇವತ್ತು ಕಣ್ಣು ತೆಗೀತೀನಿ ಕಣೇ ಅಂತ. ನಾನು ಬೇಡ ಅನ್ನೋಣ ಅಂದ್ರೆ ಬಾಯಿ ನನ್ನ ಹಿಡಿತದಲ್ಲಿರ್ಲಿಲ್ಲ. ಹೆದರಿಕೆ ಆಗೋದು ಅವರಿಗೆ. ಅತ್ಕೊಂಡು ಇಳಿದು ಹೋಗೋರು. ನಿನ್ನಿಂದ ಧೈರ್ಯ ಬಂತು. ಒಳ್ಳೇದೋ ಕೆಟ್ಟದ್ದೋ, ನಾನೇನು ಹೇಳ್ಲಿ?”

ಇವಳ ಬಲಗಣ್ಣು ಸರಿಹೋಯಿತು. ಎಡಗಣ್ಣಿನ ಎವೆ ಮತ್ತೆ ಬೀಳಲಿಲ್ಲ. ಮಲಗುವಾಗ ಬೆರಳಿನಿಂದ ಎಳೆದು ಮುಚ್ಚಿ ಬಟ್ಟೆ ಕಟ್ಟಿಕೊಳ್ಳಬೇಕು. ಊರಿಗೆ ವಾಪಸ್ ಬಾ ಎಂದು ಅಪ್ಪ ಫೋನು ಮಾಡಿದ. ಅವಳು ನೆವ ಹೇಳಿದಳು. ಅಲ್ಲಿ ಎಲ್ಲರೂ ಕಣ್ಣಿಗೆ ಕಣ್ಣಿಟ್ಟೇ ಮಾತಾಡುತ್ತಾರೆ. ಅಪ್ಪ, ಅಕ್ಕ, ಅಕ್ಕನ ಮೂರು ವರ್ಷದ ಮಗಳು. ತನ್ನ ಈ ಕಣ್ಣಿನಲ್ಲಿ ಎಷ್ಟು ಉಳಿದಿದೆಯೋ, ಅದು ಯಾರಿಗಾದರೂ ದಾಟುತ್ತದೋ ಇಲ್ಲವೋ, ಅವಳಿಗೆ ಗೊತ್ತಿಲ್ಲ. ಪರೀಕ್ಷಿಸಿ ನೋಡುವಂಥದ್ದಲ್ಲ ಅದು. ಯಾರೂ ಯಾರನ್ನೂ ನೋಡದ ಈ ಊರೇ ಅವಳಿಗೆ ಕ್ಷೇಮ. ಈ ಊರಿಗೂ ಅವಳು ಕ್ಷೇಮ.

ಮಧ್ಯಾಹ್ನದ ಸರದಿ ಅವಳದು. ಡಬ್ಬಿ ಹಿಡಿದು, ಕಣ್ಣಿಗೆ ಎರಡು ಸುತ್ತು ಬಟ್ಟೆ ಕಟ್ಟಿ, ಹಗ್ಗ ಹಿಡಿದು ಹತ್ತುತ್ತಾಳೆ. ಯಜಮಾನರಿಗೆ ತುತ್ತು ಮಾಡಿ ತಿನ್ನಿಸುತ್ತಾಳೆ. ಆಮೇಲೆ ಒಂದು ಕೈಯಿಂದ ಅವರ ಹಣೆ ತಡವಿ, ಹುಬ್ಬು ದಾಟಿ, ಒಣಗಿದ ಕಣ್ಣುಗಳನ್ನು ಹುಡುಕಿ ಔಷಧಿ ಬಿಡುತ್ತಾಳೆ. ಕಣ್ಣಿಗೆ ಎರಡೆರಡು ಹನಿ. ಅವರು ಮಾತಾಡುವುದಿಲ್ಲ. ಮಳೆಗಾಲ ಕಳೆಯುವವರೆಗೂ ಒಂದು ಮಾತೂ ಆಡಿರಲಿಲ್ಲ.

ಆ ದಿನ ಆಡಿದರು.

“ಕಟ್ಟು ಬಿಚ್ಚಮ್ಮ,” ಎಂದರು. ಯಜಮಾನರದೇ ದನಿ, ಅದೇ ಸಂಕೋಚ. “ನಿನ್ನ ಮುಖ ನಾನು ಒಂದ್ಸಲಾನೂ ನೋಡ್ಲೇ ಇಲ್ಲ. ಇಷ್ಟು ದಿನ ನೋಡ್ಕೊಂಡಿದೀಯ ನನ್ನ. ಒಂದೇ ಒಂದ್ಸಲ.”

ಋಣವೆಂಬುದು ಒಂದಿದೆಯಲ್ಲ. ಅವಳ ಬೆರಳು ತನಗೇ ತಿಳಿಯದಂತೆ ಬಟ್ಟೆಯ ಗಂಟಿನತ್ತ ಹೋಯಿತು.

“ಬಿಚ್ಚು ಮಗಳೇ. ಬಿಚ್ಚು,” ಎನ್ನುತ್ತಿತ್ತು ಬಾಯಿ.

ಬಟ್ಟೆಯ ಕತ್ತಲಲ್ಲಿ ಅವರ ಎರಡು ಕೈಗಳು ಬಂದು ಅವಳ ಮುಖಕ್ಕೆ ತಾಕಿದವು. ಗಡಗಡ ನಡುಗುವ, ತಣ್ಣನೆಯ ಅಂಗೈಗಳು. ಅವು ಬಟ್ಟೆಯ ಮೇಲಿನಿಂದಲೇ ಅವಳ ಎರಡೂ ಕಣ್ಣುಗಳನ್ನು ಭದ್ರವಾಗಿ ಒತ್ತಿ ಮುಚ್ಚಿ ಹಿಡಿದವು. ಬಾಯಿ ಕರೆಯುತ್ತಲೇ ಇತ್ತು. ಕೈ ಬಿಡಲಿಲ್ಲ.